ಲೋಲಕ ಕಾಣದ ಪುಟ: ಕೋರ್ಸಿನೊಳಗಿನ ಹಳೆಯ ಎಚ್‌ಟಿಟಿಪಿ ವಿಳಾಸಗಳ ರಿಪೇರಿ

"ಮೂರನೆಯ ಘಟಕದಲ್ಲಿ ಲೋಲಕದ ಪ್ರಯೋಗ ಕಾಣಿಸುತ್ತಿಲ್ಲ. ನನ್ನ ಮೊಬೈಲ್ ಹಳೆಯದು, ಅದಕ್ಕೇ ಇರಬೇಕು. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ." ವಿದ್ಯಾರ್ಥಿನಿಯೊಬ್ಬರು ಕಳುಹಿಸಿದ ಸಂದೇಶ ಇಷ್ಟೇ. ಮೊದಲ ವಾಕ್ಯ ಓದಿದ ಕೂಡಲೇ ಪುಟ ತೆರೆದೆ. ಕೊನೆಯ ವಾಕ್ಯ ಮಾತ್ರ ಈ ರಿಪೇರಿ ಮುಗಿಯುವವರೆಗೂ ತಲೆಯಲ್ಲಿ ಉಳಿಯಿತು. ತಪ್ಪು ನಮ್ಮದು, ಕ್ಷಮೆ ಕೇಳಿದವರು ಅವರು.

ಇದು ಭೌತಶಾಸ್ತ್ರದ ಆರಂಭದ ಪಾಠಗಳ ಕೋರ್ಸ್. ಒಂಬತ್ತು ಘಟಕಗಳು, ನೂರರ ಹತ್ತಿರ ಪುಟಗಳು. ಆನ್‌ಲೈನ್ ಕೋರ್ಸ್ ನಡೆಸಲು ಬಳಸುವ ಮೂಡಲ್ ತಂತ್ರಾಂಶದ ಮೇಲೆ ನಡೆಯುತ್ತದೆ. ಹಲವು ವರ್ಷಗಳಲ್ಲಿ ಹಲವು ಕೈಗಳು ಬರೆದ ಪುಟಗಳಿವು. ಒಬ್ಬರು ಚಿತ್ರವನ್ನು ನಮ್ಮ ಸರ್ವರ್‌ಗೇ ಹಾಕಿದ್ದರೆ ಇನ್ನೊಬ್ಬರು ಎಲ್ಲಿಂದಲೋ ವಿಳಾಸ ಅಂಟಿಸಿದ್ದಾರೆ. ಇತ್ತೀಚೆಗೆ ಇಡೀ ತಾಣವನ್ನು ಎಚ್‌ಟಿಟಿಪಿಯಿಂದ, ಗೂಢಲಿಪಿಯಲ್ಲಿ ಸಾಗುವ ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಿದ್ದೆವು. ತಾಣದ ಗುರುತನ್ನು ಖಾತರಿಪಡಿಸುವ ಪ್ರಮಾಣಪತ್ರ ಹಾಕಿದೆವು, ಕಾನ್ಫಿಗ್ ಕಡತದಲ್ಲಿ ತಾಣದ ವಿಳಾಸ ತಿದ್ದಿದೆವು, ಮುಖಪುಟ ಸರಿಯಾಗಿ ತೆರೆದುಕೊಂಡಿತು. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡಿದ್ದೆವು.

ನನ್ನ ಕಂಪ್ಯೂಟರಿನಲ್ಲಿ ಲೋಲಕ ಚೆನ್ನಾಗಿಯೇ ತೂಗಾಡುತ್ತಿತ್ತು. "ಬೇರೆ ಬ್ರೌಸರ್‌ನಲ್ಲಿ ನೋಡಿ" ಎಂದು ಉತ್ತರ ಬರೆಯಲು ತೊಡಗಿದ್ದೆ. ಆಗ ವಿಳಾಸಪಟ್ಟಿಯ ಎಡಗಡೆ "ಸುರಕ್ಷಿತವಲ್ಲ" ಎಂಬ ಪದ ಕಣ್ಣಿಗೆ ಬಿತ್ತು. ತಾಣ ಎಚ್‌ಟಿಟಿಪಿಎಸ್‌ನಲ್ಲೇ ಇದೆ, ಆದರೂ ಸುರಕ್ಷಿತವಲ್ಲ ಎನ್ನುತ್ತಿದೆ. ಆಗ ನೆನಪಾಯಿತು: ಕ್ರೋಮ್‌ನಲ್ಲಿ ಪ್ರತಿ ತಾಣಕ್ಕೂ ಇರುವ ಅನುಮತಿಗಳ ಪಟ್ಟಿಯಲ್ಲಿ ಅಸುರಕ್ಷಿತ ವಿಷಯವನ್ನು ತೋರಿಸು ಎಂದು ಹೇಳುವ ಒಂದು ಆಯ್ಕೆ ಇದೆ. 2019ರ ಡಿಸೆಂಬರ್‌ನಲ್ಲಿ ಬಂದ 79ನೆಯ ಆವೃತ್ತಿಯಿಂದ ಅದು ಅಲ್ಲಿದೆ. ಯಾವುದೋ ತುರ್ತಿನಲ್ಲಿ ನಾನೇ ಅದನ್ನು ತೆರೆದಿಟ್ಟಿದ್ದೆ, ಮತ್ತೆ ಮುಚ್ಚಿರಲಿಲ್ಲ. ಬ್ರೌಸರ್‌ನಲ್ಲಿ ಹೊಸ ಪ್ರೊಫೈಲ್ ಮಾಡಿ ಅದೇ ಪುಟ ತೆರೆದೆ. ತೆಳ್ಳನೆಯ ಬೂದು ಅಂಚು, 600 ಪಿಕ್ಸೆಲ್ ಅಗಲ, 400 ಪಿಕ್ಸೆಲ್ ಎತ್ತರ, ಒಳಗೆ ಏನೂ ಇಲ್ಲ. ಒಂದು ಪದದ ವಿವರಣೆಯೂ ಇಲ್ಲ. ಆ ಚೌಕವನ್ನು ನೋಡಿದ ಯಾರಿಗಾದರೂ ತನ್ನ ಫೋನಿನ ಮೇಲೆ ಅನುಮಾನ ಬರುವುದು ಸಹಜವೇ.

ಈ ಕೆಲಸಕ್ಕೆ ಇಳಿಯುವವರು ಮೊದಲು ಇದನ್ನೇ ಮಾಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ: ಯಾವ ಅನುಮತಿಯೂ ಇಲ್ಲದ, ಯಾವ ಎಕ್ಸ್‌ಟೆನ್ಷನ್ನೂ ಇಲ್ಲದ ಹೊಸ ಪ್ರೊಫೈಲ್‌ನಲ್ಲಿ, ಶಿಕ್ಷಕರ ಖಾತೆ ಬಿಟ್ಟು ವಿದ್ಯಾರ್ಥಿ ಖಾತೆಯಿಂದ ಪುಟ ನೋಡಿ. ಪುಟ ಬರೆದವರ ಕಂಪ್ಯೂಟರಿನಲ್ಲಿ ಎಲ್ಲವೂ ಚೆನ್ನಾಗಿ ಕಾಣುವುದಕ್ಕೆ ನೂರು ಕಾರಣಗಳಿರುತ್ತವೆ. ಮುಂದೆ ಒಂದು ಪುಟದಲ್ಲಿ ಚಿತ್ರದ ವಿಳಾಸ 127.0.0.1 ಎಂದೇ ಇತ್ತು. ಅಂದರೆ ಬರೆದವರ ಸ್ವಂತ ಯಂತ್ರ. ಬ್ರೌಸರ್ ಆ ವಿಳಾಸವನ್ನು ನಂಬಿಕಸ್ಥ ಎಂದೇ ಪರಿಗಣಿಸುತ್ತದೆ, ಹಾಗಾಗಿ ಅವರಿಗೆ ಎಚ್ಚರಿಕೆಯೂ ಬಂದಿರುವುದಿಲ್ಲ. ಉಳಿದವರಿಗೆ ಚಿತ್ರ ಎಂದೂ ಕಂಡಿರಲಿಕ್ಕಿಲ್ಲ.

ಎಫ್12 ಒತ್ತಿ, ಬ್ರೌಸರ್ ತನ್ನ ದೂರುಗಳನ್ನು ಬರೆದಿಡುವ ಕನ್ಸೋಲ್ ತೆರೆದಾಗ ಕೆಂಪು ಸಾಲು ಕಾಯುತ್ತಿತ್ತು. ಮಿಕ್ಸೆಡ್ ಕಂಟೆಂಟ್ (ಮಿಶ್ರ ವಿಷಯ) ಎಂದು ಶುರುವಾಗುವ ಆ ಸಾಲಿನ ತಾತ್ಪರ್ಯ ಇದು: ಪುಟವನ್ನು ಎಚ್‌ಟಿಟಿಪಿಎಸ್ ಮೂಲಕ ತಂದಿದ್ದೇನೆ, ಆದರೆ ಅದು ಎಚ್‌ಟಿಟಿಪಿ ವಿಳಾಸದ ಐಫ್ರೇಮ್ (ಪುಟದೊಳಗೆ ಬೇರೊಂದು ಪುಟವನ್ನು ತೋರಿಸುವ ಚೌಕಟ್ಟು) ಒಂದನ್ನು ಕೇಳುತ್ತಿದೆ, ಅದನ್ನು ತಡೆದಿದ್ದೇನೆ. ಅದರ ಕೆಳಗೆ ಒಂದೆರಡು ಹಳದಿ ಸಾಲುಗಳೂ ಇದ್ದವು. ಕೆಂಪು ಮತ್ತು ಹಳದಿಯ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಆದಂತೆ.

ಎಚ್‌ಟಿಟಿಪಿಯಲ್ಲಿ ಬರುವ ಕಡತವನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ಬದಲಾಯಿಸಲೂಬಹುದು. ಬರುವುದು ಸ್ಕ್ರಿಪ್ಟ್ (ಪುಟದೊಳಗೆ ಓಡುವ ಪ್ರೋಗ್ರಾಮ್) ಆದರೆ ಅದಕ್ಕೆ ಪುಟದ ಪೂರ್ಣ ಅಧಿಕಾರ ಸಿಗುತ್ತದೆ. ಪರೀಕ್ಷೆಯ ಉತ್ತರ ಓದಬಹುದು, ವಿದ್ಯಾರ್ಥಿಯ ಹೆಸರಿನಲ್ಲಿ ಉತ್ತರ ಸಲ್ಲಿಸಲೂಬಹುದು. ಐಫ್ರೇಮ್ ಆದರೆ ಪಾಠದ ನಡುವೆಯೇ ನಕಲಿ ಲಾಗಿನ್ ಪೆಟ್ಟಿಗೆ ತೋರಿಸಬಹುದು. ಆದ್ದರಿಂದ ಸ್ಕ್ರಿಪ್ಟ್, ಐಫ್ರೇಮ್, ಪುಟದ ರೂಪ ಹೇಳುವ ಸ್ಟೈಲ್‌ಶೀಟ್, ಫಾಂಟ್ ಇವುಗಳನ್ನು ಬ್ರೌಸರ್ ನೇರವಾಗಿ ತಡೆಯುತ್ತದೆ, ಕನ್ಸೋಲ್‌ನಲ್ಲಿ ಕೆಂಪು. ಫೈರ್‌ಫಾಕ್ಸ್ ಈ ತಡೆಯನ್ನು 2013ರ ಆಗಸ್ಟ್‌ನಲ್ಲಿ ಬಂದ 23ನೆಯ ಆವೃತ್ತಿಯಲ್ಲೇ ಶುರು ಮಾಡಿತ್ತು. ಚಿತ್ರ, ಧ್ವನಿ, ವಿಡಿಯೊಗಳ ಅಪಾಯ ಅಷ್ಟು ದೊಡ್ಡದಲ್ಲ ಎಂದು ಬಹಳ ವರ್ಷ ಅವುಗಳನ್ನು ಹಾಗೆಯೇ ಬಿಡುತ್ತಿದ್ದರು. ಈಗ ಬ್ರೌಸರ್ ತಾನೇ ಅವುಗಳ ವಿಳಾಸಕ್ಕೆ ಎಸ್ ಅಕ್ಷರ ಸೇರಿಸಿ ತರಲು ನೋಡುತ್ತದೆ, ಕನ್ಸೋಲ್‌ನಲ್ಲಿ ಹಳದಿ. ಕ್ರೋಮ್ 2020ರಿಂದ ಈ ದಾರಿ ಹಿಡಿಯಿತು, ಫೈರ್‌ಫಾಕ್ಸ್ 2024ರ ಜೂನ್‌ನ 127ನೆಯ ಆವೃತ್ತಿಯಿಂದ. ಎಸ್ ಸೇರಿಸಿದ ವಿಳಾಸದಲ್ಲಿ ಕಡತ ಸಿಗದಿದ್ದರೆ ಬ್ರೌಸರ್ ಹಳೆಯ ವಿಳಾಸಕ್ಕೆ ಮರಳುವುದಿಲ್ಲ. ಚಿತ್ರ ಮಾಯವಾಗುತ್ತದೆ, ಅಷ್ಟೇ.

ಹಾಗಾಗಿ ಹಳದಿ ಸಾಲನ್ನು ಕಂಡು ನಿರಾಳವಾಗುವುದು ಸರಿಯಲ್ಲ. ಹಾಗೆಯೇ, ಆ ಸರ್ವರ್ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಕಳುಹಿಸುತ್ತದೆಯಲ್ಲ, ಸ್ಕ್ರಿಪ್ಟ್‌ನ ವಿಳಾಸ ಹಳೆಯದಿದ್ದರೇನಂತೆ ಎಂಬ ಸಮಾಧಾನವೂ ಸಲ್ಲದು. ಕೋರಿಕೆ ಹೊರಡುವ ಮುಂಚೆಯೇ ಬ್ರೌಸರ್ ಅದನ್ನು ನಿಲ್ಲಿಸುತ್ತದೆ. ಆ ಕಡೆಯ ಸರ್ವರ್ ದಾರಿ ತೋರಿಸುವ ಮಾತೇ ಬರುವುದಿಲ್ಲ.

ಇಷ್ಟು ತಿಳಿದ ಮೇಲೆ ಪಟ್ಟಿ ಮಾಡಲು ಕುಳಿತೆ. ಲೋಲಕ ಒಂದೇ ಆಗಿರಲಾರದು. ಡೇಟಾಬೇಸ್‌ನ ಬ್ಯಾಕಪ್ ತೆಗೆದು, ಅದರ ಪ್ರತಿಯನ್ನು ಪರೀಕ್ಷಾ ಸರ್ವರ್‌ನಲ್ಲಿ ಹಾಕಿ, ಪುಟಗಳ ಪಠ್ಯ ಇರುವ ಕೋಷ್ಟಕಗಳಲ್ಲಿ ಎಚ್‌ಟಿಟಿಪಿಯಿಂದ ಶುರುವಾಗುವ ವಿಳಾಸಗಳನ್ನು ಹುಡುಕಿದೆ. ಮೊದಲಿಗೆ ಸಿಕ್ಕ ರಾಶಿ ನೋಡಿ ಗಾಬರಿಯಾಯಿತು, ಆದರೆ ಅದರಲ್ಲಿ ಹೆಚ್ಚಿನವು ಬರಿಯ ಕೊಂಡಿಗಳು. ಕ್ಲಿಕ್ ಮಾಡಿದರೆ ಬೇರೆ ತಾಣಕ್ಕೆ ಹೋಗುವ ಕೊಂಡಿ ಎಚ್‌ಟಿಟಿಪಿಯಲ್ಲಿದ್ದರೂ ಅದು ಮಿಶ್ರ ವಿಷಯವಾಗುವುದಿಲ್ಲ. ಪುಟದೊಳಗೆ ಎಳೆದು ತರುವ ವಸ್ತು ಮಾತ್ರ ಆಗುತ್ತದೆ. ಕೊಂಡಿಗಳನ್ನು ಪಕ್ಕಕ್ಕಿಟ್ಟ ಮೇಲೆ ಉಳಿದದ್ದು ಒಬ್ಬರು ಕುಳಿತು ಮುಗಿಸಬಹುದಾದಷ್ಟು.

ಆದರೆ ಪಟ್ಟಿಯಲ್ಲಿ ಒಂದು ಕೊರತೆಯಿತ್ತು. ಎರಡನೆಯ ಘಟಕದ ಪಕ್ಕದ ಪಟ್ಟಿಯಲ್ಲಿ ಒಂದು ಮುರಿದ ಚಿತ್ರ ನನ್ನ ಕಣ್ಣೆದುರೇ ಇದೆ, ಡೇಟಾಬೇಸ್ ಹುಡುಕಾಟದಲ್ಲಿ ಅದರ ಸುಳಿವಿಲ್ಲ. ಪಕ್ಕದ ಬ್ಲಾಕ್‌ಗಳ ಪಠ್ಯವನ್ನು ಮೂಡಲ್ ಬೇಸ್64 ರೂಪಕ್ಕೆ ತಿರುಗಿಸಿ ಇಡುತ್ತದೆ ಎಂಬುದು ಆಗ ಹೊಳೆಯಿತು. ಅಲ್ಲಿ ವಿಳಾಸ ವಿಳಾಸವಾಗಿ ಕಾಣುವುದಿಲ್ಲ, ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ಕಾಣುತ್ತದೆ. ಅದನ್ನು ಬಿಡಿಸಿ ನೋಡಿದರೂ ಒಳಗೆ ಪ್ರತಿ ಪಠ್ಯದ ಜೊತೆ ಅದರ ಉದ್ದವನ್ನೂ ಬರೆದಿರುತ್ತದೆ. ಒಂದು ಎಸ್ ಸೇರಿಸಿದರೆ ಉದ್ದದ ಲೆಕ್ಕ ತಪ್ಪಿ ಇಡೀ ಬ್ಲಾಕ್ ಓದಲಾಗದಂತಾಗುತ್ತದೆ. ಡೇಟಾಬೇಸ್‌ಗೆ ನೇರವಾಗಿ ಕೈ ಹಾಕಬಾರದು ಎಂದು ಅನುಭವಿಗಳು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಮೂಡಲ್‌ನಲ್ಲೇ ಭದ್ರತೆಯ ವಿಭಾಗದಡಿ ಎಚ್‌ಟಿಟಿಪಿಎಸ್‌ಗೆ ಪರಿವರ್ತಿಸುವ ಸಲಕರಣೆಯೊಂದಿದೆ. ಪುಟಗಳೊಳಗೆ ಅಡಕವಾದ ವಸ್ತುಗಳನ್ನು ಹುಡುಕಿ, ಯಾವ ತಾಣಗಳು ಎಚ್‌ಟಿಟಿಪಿಎಸ್‌ಗೆ ಓಗೊಡುವುದಿಲ್ಲ ಎಂಬುದನ್ನು ಮೊದಲೇ ತೋರಿಸುತ್ತದೆ. ಬದಲಾಯಿಸಿದ ಮೇಲೆ ಹಿಂದಕ್ಕೆ ಬರುವ ಗುಂಡಿ ಅದರಲ್ಲಿಲ್ಲ, ಆದ್ದರಿಂದ ಬ್ಯಾಕಪ್ ಇಲ್ಲದೆ ಅದನ್ನು ಮುಟ್ಟಬೇಡಿ.

ಆ ಸಲಕರಣೆ ತಾಣವನ್ನು ಪರೀಕ್ಷಿಸುತ್ತದೆ. ನನಗೆ ಬೇಕಾದದ್ದು ಒಂದೊಂದು ಕಡತದ ಖಾತರಿ. ಹಾಗಾಗಿ ಪ್ರತಿ ವಿಳಾಸಕ್ಕೂ ಎಸ್ ಸೇರಿಸಿ ಕರ್ಲ್ ಎಂಬ ಆಜ್ಞಾಸಾಲಿನ ಸಲಕರಣೆಯ ಮೂಲಕ ಕೇಳುವ ಸಣ್ಣ ಸ್ಕ್ರಿಪ್ಟ್ ಬರೆದೆ. ಉತ್ತರ 200 ಎಂದು ಬಂದರೆ ಸರಿ, 404 ಬಂದರೆ ಕಡತವಿಲ್ಲ. ಈ ಲೆಕ್ಕ ಒಂದು ಕಡೆ ಮೋಸ ಮಾಡಿತು. ಒಂದು ಸರ್ವರ್ ನಾನು ಕೇಳಿದ ಹನ್ನೊಂದು ಚಿತ್ರಗಳಿಗೂ 200 ಎಂದಿತು, ಪುಟದಲ್ಲಿ ಮಾತ್ರ ಒಂದೂ ಮೂಡಲಿಲ್ಲ. ಉತ್ತರದ ತಲೆಸಾಲುಗಳನ್ನು (ಕಡತದ ಜೊತೆ ಸರ್ವರ್ ಕಳುಹಿಸುವ ಹೆಡರ್ ಮಾಹಿತಿ) ನೋಡಿದರೆ ಬಂದ ವಸ್ತು ಪಿಎನ್‌ಜಿ ಚಿತ್ರ ಅಲ್ಲ, ಎಚ್‌ಟಿಎಂಎಲ್ ಪುಟ. ಆ ಸರ್ವರ್ ಎಚ್‌ಟಿಟಿಪಿಎಸ್‌ನಲ್ಲಿ ಏನನ್ನು ಕೇಳಿದರೂ ತನ್ನ ಸ್ವಾಗತ ಪುಟವನ್ನೇ ಕಳುಹಿಸುತ್ತಿತ್ತು. ಅಂದಿನಿಂದ ಪಟ್ಟಿಯಲ್ಲಿ ಸಂಖ್ಯೆಯ ಪಕ್ಕ ಇನ್ನೊಂದು ಕಾಲಂ ಸೇರಿತು: ಬಂದದ್ದು ಯಾವ ಬಗೆಯ ಕಡತ?

ರಿಪೇರಿ ಶುರುವಾಯಿತು. ಬಹುಪಾಲು ನಮ್ಮ ತಾಣದ್ದೇ ಹಳೆಯ ವಿಳಾಸಗಳು; ಮೂಡಲ್‌ನ ಹುಡುಕಿ ಬದಲಾಯಿಸುವ ಆಜ್ಞೆಗೆ ಹಳೆಯ ವಿಳಾಸ, ಹೊಸ ವಿಳಾಸ ಕೊಟ್ಟೆ, ಕ್ಯಾಶ್ ಖಾಲಿ ಮಾಡಿದೆ, ಮುಗಿಯಿತು. ಎಸ್ ಸೇರಿಸಿದರೆ ಸರಿಹೋಗುವ ಹೊರಗಿನ ಚಿತ್ರಗಳೂ ಹಾಗೆಯೇ.

ಗಣಿತದ ಸೂತ್ರಗಳ ಪುಟಗಳು ಬೇರೆಯ ಕಥೆ. ಆರು ಪುಟಗಳಲ್ಲಿ ಸೂತ್ರಗಳು ಸೂತ್ರವಾಗಿ ಮೂಡದೆ, ಹಿಂದಣ ಓರೆಗೆರೆಗಳ ಸಮೇತ ಕಚ್ಚಾ ಬರಹವಾಗಿ ಕಾಣುತ್ತಿದ್ದವು. ಪ್ರತಿ ಪುಟದ ತಲೆಯಲ್ಲೂ, ಸೂತ್ರಗಳನ್ನು ಮೂಡಿಸುವ ಮ್ಯಾಥ್‌ಜ್ಯಾಕ್ಸ್‌ನ ಹಳೆಯ ವಿತರಣಾ ಸರ್ವರ್‌ನಿಂದ ಸ್ಕ್ರಿಪ್ಟ್ ಕರೆಯುವ ಸಾಲಿತ್ತು, ಎಚ್‌ಟಿಟಿಪಿಯಲ್ಲಿ. ಕೈ ಎಸ್ ಸೇರಿಸಲು ಹೋಗಿಯೇಬಿಟ್ಟಿತ್ತು. ಆದರೆ ಆ ವಿತರಣಾ ಸೇವೆಯನ್ನು ಮ್ಯಾಥ್‌ಜ್ಯಾಕ್ಸ್ ತಂಡ 2017ರ ಏಪ್ರಿಲ್ 30ರಂದೇ ನಿಲ್ಲಿಸಿದೆ. ಮುಚ್ಚಿದ ಅಂಗಡಿಯ ಬಾಗಿಲಿಗೆ ಹೊಸ ಬೀಗ ಹಾಕಿ ಪ್ರಯೋಜನವೇನು? ಮೂಡಲ್‌ನಲ್ಲಿ ಮ್ಯಾಥ್‌ಜ್ಯಾಕ್ಸ್ ಫಿಲ್ಟರ್ ಇದ್ದೇ ಇದೆ. ಅದನ್ನು ಕೋರ್ಸಿಗೆ ಚಾಲೂ ಮಾಡಿ ಆರೂ ಪುಟಗಳಿಂದ ಆ ಸಾಲನ್ನು ಅಳಿಸಿದೆ. ಇಲ್ಲಿ ರಿಪೇರಿ ಎಂದರೆ ತೆಗೆದುಹಾಕುವುದೇ ಆಗಿತ್ತು.

ನನ್ನನ್ನು ಎರಡು ಸಂಜೆ ಹಿಡಿದಿಟ್ಟದ್ದು ಐದನೆಯ ಘಟಕದ ಸ್ಕಾರ್ಮ್ ಪ್ಯಾಕೇಜ್. ಪಾಠ, ಚಿತ್ರ, ಪ್ರಶ್ನೆ ಎಲ್ಲವನ್ನೂ ಒಂದು ಜಿಪ್ ಕಡತದಲ್ಲಿ ಕಟ್ಟಿಕೊಡುವ ವಿಧಾನ ಇದು. ಇದರೊಳಗಿನ ವಿಳಾಸಗಳು ಡೇಟಾಬೇಸ್‌ನಲ್ಲಿ ಇರುವುದೇ ಇಲ್ಲ, ಆದ್ದರಿಂದ ಯಾವ ಹುಡುಕಾಟಕ್ಕೂ ಸಿಕ್ಕಿರಲಿಲ್ಲ. ಸರ್ವರ್‌ನಲ್ಲಿ ಮೂಡಲ್ ಕಡತಗಳನ್ನು ಅವುಗಳ ಒಳಗಿನ ವಿಷಯದಿಂದ ಲೆಕ್ಕ ಹಾಕಿದ 40 ಅಕ್ಷರಗಳ ಹೆಸರಿನಲ್ಲಿ ಇಡುತ್ತದೆ. ಒಂದು ಅಕ್ಷರ ತಿದ್ದಿದರೂ ಹೆಸರಿಗೂ ವಿಷಯಕ್ಕೂ ತಾಳೆಯಾಗುವುದಿಲ್ಲ, ಹಾಗಾಗಿ ಅಲ್ಲೇ ತಿದ್ದುವ ಆಲೋಚನೆ ಬಿಡಬೇಕು. ಪ್ಯಾಕೇಜನ್ನು ಇಳಿಸಿಕೊಂಡು, ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿ ಏರಿಸುವುದೊಂದೇ ದಾರಿ.

ಬಿಚ್ಚಿ ನೋಡಿದಾಗ ಒಂದೇ ಒಂದು ತಪ್ಪು ಕಂಡಿತು: ಜೆಕ್ವೆರಿ ಎಂಬ ಸಿದ್ಧ ಸ್ಕ್ರಿಪ್ಟ್‌ಗಳ ಗ್ರಂಥಾಲಯವನ್ನು ಹೊರಗಿನಿಂದ ಎಚ್‌ಟಿಟಿಪಿಯಲ್ಲಿ ಕರೆಯುವ ಸಾಲು. ಅದು ತಡೆಯಲ್ಪಟ್ಟಿದ್ದರಿಂದ ಅದನ್ನೇ ನಂಬಿದ "ಮುಂದೆ" ಗುಂಡಿ ಸತ್ತುಹೋಗಿತ್ತು. ವಿದ್ಯಾರ್ಥಿಗಳು ಮೊದಲ ಪರದೆಯಲ್ಲೇ ನಿಂತು ಹಿಂದಿರುಗುತ್ತಿದ್ದರು. ಉಳಿದ ಕಡತಗಳಲ್ಲೂ ಇಂಥದ್ದು ಇರಬಹುದು ಎಂದು ನಾನು ಇಡೀ ಫೋಲ್ಡರಿನಲ್ಲಿ ಎಚ್‌ಟಿಟಿಪಿ ಇದ್ದಲ್ಲೆಲ್ಲ ಎಚ್‌ಟಿಟಿಪಿಎಸ್ ಮಾಡಿದೆ. ಪರೀಕ್ಷಾ ಸರ್ವರ್‌ಗೆ ಏರಿಸಿದಾಗ ಗುಂಡಿ ಜೀವ ಪಡೆದಿತ್ತು, ಆದರೆ ಎಲ್ಲ ರೇಖಾಚಿತ್ರಗಳೂ ಮಾಯವಾಗಿದ್ದವು. ಕನ್ಸೋಲ್‌ನಲ್ಲಿ ಒಂದು ದೂರೂ ಇಲ್ಲ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಚಿತ್ರಗಳೆಲ್ಲ 200 ಎಂದು ಬಂದಿವೆ. ಬಗೆಯೂ ಸರಿಯಾಗಿದೆ, ಗಾತ್ರವೂ ಸರಿಯಾಗಿದೆ.

ಕೊನೆಗೆ ಒಂದು ಚಿತ್ರವನ್ನು ಪಠ್ಯವಾಗಿ ತೆರೆದು ಹಳೆಯ ಪ್ರತಿಯ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದೆ. ಅವು ಎಸ್‌ವಿಜಿ ಚಿತ್ರಗಳು, ಅಂದರೆ ಪಠ್ಯವಾಗಿ ಬರೆದಿಟ್ಟ ರೇಖಾಚಿತ್ರಗಳು. ಅಂಥ ಪ್ರತಿ ಕಡತದ ಆರಂಭದಲ್ಲಿ, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3 ಒಕ್ಕೂಟದ ಹೆಸರಿನ ಒಂದು ಎಚ್‌ಟಿಟಿಪಿ ವಿಳಾಸ ಇರುತ್ತದೆ, ಅದರ ನಡುವೆ 2000 ಎಂಬ ಇಸವಿ, ಕೊನೆಗೆ ಎಸ್‌ವಿಜಿ ಎಂಬ ಪದ. ನೋಡುವುದಕ್ಕೆ ವಿಳಾಸ, ಕೆಲಸದಲ್ಲಿ ಅದು ಹೆಸರು. ಬ್ರೌಸರ್ ಆ ವಿಳಾಸಕ್ಕೆ ಎಂದೂ ಹೋಗುವುದಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿದರೆ ಇದು ಎಸ್‌ವಿಜಿ ಎಂದು ಗುರುತು ಹಿಡಿಯುತ್ತದೆ, ಅಷ್ಟೇ. ನಾನು ಸೇರಿಸಿದ ಎಸ್‌ನಿಂದ ಆ ಹೆಸರು ಬೇರೆಯಾಯಿತು, ಚಿತ್ರ ಚಿತ್ರವಾಗಿ ಉಳಿಯಲಿಲ್ಲ. ಗಣಿತ ಬರಹದ ಮ್ಯಾಥ್‌ಎಂಎಲ್‌ಗೆ 1998 ಇಸವಿಯುಳ್ಳ ಇಂಥದೇ ಹೆಸರಿದೆ, ಕೊಂಡಿಗಳ ಎಕ್ಸ್‌ಲಿಂಕ್‌ಗೆ 1999 ಇಸವಿಯದ್ದು. ಪ್ಯಾಕೇಜಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವ ಮ್ಯಾನಿಫೆಸ್ಟ್ ಕಡತದ ತಲೆಯಲ್ಲೂ ಇಂಥ ಹೆಸರುಗಳ ಸಾಲೇ ಇತ್ತು, ಅವನ್ನೂ ನಾನು ಕೆಡಿಸಿದ್ದೆ. ಎಲ್ಲವನ್ನೂ ಬಿಟ್ಟು ಮೂಲ ಜಿಪ್‌ನಿಂದ ಮತ್ತೆ ಶುರು ಮಾಡಿ, ತಪ್ಪಿದ್ದ ಒಂದೇ ಸಾಲನ್ನು ತಿದ್ದಿದೆ: ಜೆಕ್ವೆರಿಯ ಅದೇ ಆವೃತ್ತಿಯನ್ನು ಪ್ಯಾಕೇಜಿನೊಳಗೇ ಇಟ್ಟು ಅಲ್ಲಿಂದ ಕರೆಸಿದೆ. ಹೊರಗಿನ ಸರ್ವರ್‌ನ ಹಂಗೇ ಬೇಡ. ಮತ್ತೆ ಜಿಪ್ ಮಾಡುವಾಗ ಫೋಲ್ಡರನ್ನು ಹೊರಗಿನಿಂದ ಕಟ್ಟಬಾರದು, ಒಳಗೆ ಹೋಗಿ ಕಡತಗಳನ್ನು ಆರಿಸಿ ಕಟ್ಟಬೇಕು. ಮ್ಯಾನಿಫೆಸ್ಟ್ ಕಡತ ಜಿಪ್‌ನ ಮೇಲ್ಪದರದಲ್ಲೇ ಇರದಿದ್ದರೆ ಮೂಡಲ್ ಪ್ಯಾಕೇಜನ್ನು ಒಪ್ಪುವುದಿಲ್ಲ. ಮ್ಯಾನಿಫೆಸ್ಟ್‌ನೊಳಗಿನ ಪಾಠಗಳ ಗುರುತುಗಳನ್ನೂ ಮುಟ್ಟಲಿಲ್ಲ. ವಿದ್ಯಾರ್ಥಿಗಳು ಈಗಾಗಲೇ ಗಳಿಸಿದ ಅಂಕಗಳು ಆ ಗುರುತುಗಳಿಗೆ ಅಂಟಿಕೊಂಡಿರುತ್ತವೆ.

ಈಗ ಲೋಲಕ. ಅದರ ಐಫ್ರೇಮ್ ಹೊರಗಿನ ಒಂದು ಸರ್ವರ್‌ನದ್ದು. ಎಚ್‌ಟಿಟಿಪಿಎಸ್‌ಗೆ ಮೀಸಲಾದ 443ನೆಯ ಪೋರ್ಟ್‌ನಲ್ಲಿ ಆ ಯಂತ್ರ ಬಾಗಿಲನ್ನೇ ತೆರೆದಿರಲಿಲ್ಲ. ನಮ್ಮ ಸರ್ವರ್ ಮೂಲಕ ಹಾಯಿಸಿ ಕೊಡುವ ಪ್ರಾಕ್ಸಿ ಮಾಡಬಹುದೆಂದು ಒಬ್ಬ ಗೆಳೆಯರು ಸೂಚಿಸಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆ ಕಡೆಯಿಂದ ನಮ್ಮವರೆಗಿನ ದಾರಿ ಆಗಲೂ ಅಸುರಕ್ಷಿತವೇ, ನಾವು ಅದರ ಮೇಲೆ ನಮ್ಮ ಮುದ್ರೆ ಒತ್ತಿ ಕೊಟ್ಟಂತಾಗುತ್ತದೆ. ಪ್ರಯೋಗದ ಪುಟದ ಅಡಿಯಲ್ಲಿ ಮುಕ್ತ ಪರವಾನಗಿಯ ಒಕ್ಕಣೆ ಇತ್ತು. ಅದರಂತೆ ರಚಿಸಿದವರ ಹೆಸರನ್ನು ಉಳಿಸಿಕೊಂಡು, ಕಡತಗಳನ್ನು ಇಳಿಸಿ, ನಮ್ಮ ಸರ್ವರ್‌ನಲ್ಲೇ ಇಟ್ಟೆ. ಪರವಾನಗಿ ಇರದ ಇನ್ನೊಂದು ಪ್ರಯೋಗವನ್ನು ಐಫ್ರೇಮ್‌ನಿಂದ ಹೊರತೆಗೆದು ಹೊಸ ಟ್ಯಾಬ್‌ನಲ್ಲಿ ತೆರೆಯುವ ಕೊಂಡಿಯಾಗಿ ಮಾಡಿದೆ. ತಾನೇ ಒಂದು ಪುಟವಾಗಿ ತೆರೆದಾಗ ಮಿಶ್ರಣದ ಪ್ರಶ್ನೆ ಇಲ್ಲ, ಬ್ರೌಸರ್ ಎಚ್ಚರಿಕೆ ಕೊಟ್ಟರೂ ವಿಳಾಸಪಟ್ಟಿಯಲ್ಲಿ ಎದ್ದು ಕಾಣುವಂತೆ ಕೊಡುತ್ತದೆ.

ಮೂರನೆಯದೊಂದು ಐಫ್ರೇಮ್ ಎಸ್ ಸೇರಿಸಿದ ಮೇಲೂ ಖಾಲಿಯೇ ಉಳಿಯಿತು. ಕನ್ಸೋಲ್‌ನ ಸಾಲು ಈಗ ಬೇರೆ: ತನ್ನ ಪುಟವನ್ನು ಬೇರೆಯವರ ಚೌಕಟ್ಟಿನಲ್ಲಿ ತೋರಿಸಬಾರದು ಎಂದು ಆ ತಾಣವೇ ಎಕ್ಸ್-ಫ್ರೇಮ್-ಆಪ್ಷನ್ಸ್ ಎಂಬ ತಲೆಸಾಲಿನಲ್ಲಿ ಹೇಳಿತ್ತು. ಹೊರಗಿನಿಂದ ಅದೇ ಖಾಲಿ ಚೌಕ, ಒಳಗಿನ ಕಾಯಿಲೆ ಬೇರೆ. ಅದಕ್ಕೆ ನಮ್ಮ ಕಡೆಯಿಂದ ಮದ್ದಿಲ್ಲ, ಅವರ ಇಷ್ಟವನ್ನು ಗೌರವಿಸಿ ಕೊಂಡಿ ಕೊಡುವುದಷ್ಟೇ.

ಎಲ್ಲ ಆದ ಮೇಲೆ ಸರ್ವರ್‌ನಲ್ಲಿ ಒಂದು ಬಲೆ ಹಾಸಿದೆ. ಪುಟ ಎಲ್ಲಿಂದ ಏನನ್ನು ತರಬಹುದು ಎಂದು ಬ್ರೌಸರ್‌ಗೆ ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಎಂಬ ತಲೆಸಾಲಿಗೆ ಎರಡು ರೂಪಗಳಿವೆ: ಜಾರಿಗೆ ತರುವುದು ಒಂದು, ವರದಿ ಮಾತ್ರ ಮಾಡುವುದು ಇನ್ನೊಂದು. ವರದಿ ಮಾತ್ರ ಮಾಡುವ ರೂಪ ಏನನ್ನೂ ತಡೆಯದೆ ಎಲ್ಲೆಲ್ಲಿ ಎಚ್‌ಟಿಟಿಪಿ ಉಳಿದಿದೆ ಎಂದು ವಿದ್ಯಾರ್ಥಿಗಳ ಬ್ರೌಸರ್‌ಗಳಿಂದಲೇ ಸುದ್ದಿ ತರುತ್ತದೆ. ಅದನ್ನು ಎರಡು ವಾರ ಇಟ್ಟಾಗ ನನಗೆ ತಪ್ಪಿಹೋಗಿದ್ದ ನಾಲ್ಕು ಪುಟಗಳು ಸಿಕ್ಕವು, ನಾಲ್ಕೂ ಪ್ರಶ್ನೆಗಳ ಮೇಲಿನ ಹಿಮ್ಮಾಹಿತಿಯಲ್ಲಿದ್ದ ಚಿತ್ರಗಳು. ತಪ್ಪು ಉತ್ತರ ಕೊಟ್ಟವರಿಗೆ ಮಾತ್ರ ಕಾಣುವ ಚಿತ್ರಗಳವು. ನಾನು ಪರೀಕ್ಷಿಸುವಾಗ ಎಲ್ಲ ಉತ್ತರಗಳನ್ನೂ ಸರಿಯಾಗಿ ಕೊಟ್ಟಿದ್ದೆ. ಆಮೇಲೆಯೇ ಅಪ್‌ಗ್ರೇಡ್-ಇನ್‌ಸೆಕ್ಯೂರ್-ರಿಕ್ವೆಸ್ಟ್ಸ್ ಎಂಬ ಸೂಚನೆಯನ್ನು ಸೇರಿಸಿದೆ. ಪುಟದೊಳಗಿನ ಎಲ್ಲ ಎಚ್‌ಟಿಟಿಪಿ ಕೋರಿಕೆಗಳನ್ನು, ಸ್ಕ್ರಿಪ್ಟ್ ಮತ್ತು ಐಫ್ರೇಮ್ ಸಮೇತ, ಹೊರಡುವ ಮುಂಚೆ ಎಚ್‌ಟಿಟಿಪಿಎಸ್ ಮಾಡು ಎಂದು ಬ್ರೌಸರ್‌ಗೆ ಅದು ಹೇಳುತ್ತದೆ. ಇದೊಂದು ಸಾಲು ಮೊದಲೇ ಹಾಕಿದ್ದರೆ ಇಷ್ಟೆಲ್ಲ ಕಷ್ಟ ಬೇಕಿತ್ತೇ ಎಂದು ಕೇಳಿದವರಿದ್ದಾರೆ. ಬೇಕಿತ್ತು. ಈ ಸಾಲು 443ರಲ್ಲಿ ಬಾಗಿಲಿಲ್ಲದ ಸರ್ವರ್‌ಗೆ ಬಾಗಿಲು ಕೊಡುವುದಿಲ್ಲ, ನಿಂತುಹೋದ ಸೇವೆಯನ್ನು ಎಬ್ಬಿಸುವುದಿಲ್ಲ. ಕೋರ್ಸನ್ನು ನಾಳೆ ಬೇರೆ ಸರ್ವರ್‌ಗೆ ಒಯ್ದರೆ ತಲೆಸಾಲು ಇಲ್ಲೇ ಉಳಿಯುತ್ತದೆ, ಕೆಟ್ಟ ವಿಳಾಸಗಳು ಕೋರ್ಸಿನ ಜೊತೆ ಹೋಗುತ್ತವೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಬಳಸುವವರಿಗೆ ಒಂದು ಮಾತು: ಒಳಗಿನ ಲೊಕೇಷನ್ ಬ್ಲಾಕ್‌ನಲ್ಲಿ ಬೇರೊಂದು ತಲೆಸಾಲು ಸೇರಿಸಿದ್ದರೆ ಹೊರಗೆ ಬರೆದ ತಲೆಸಾಲುಗಳು ಅಲ್ಲಿಗೆ ಇಳಿಯುವುದಿಲ್ಲ. ಬ್ರೌಸರ್‌ನಲ್ಲಿ ತಲೆಸಾಲು ನಿಜವಾಗಿ ಬಂದಿದೆಯೇ ಎಂದು ಕಣ್ಣಾರೆ ನೋಡಿ.

ವಿದ್ಯಾರ್ಥಿನಿಗೆ ಉತ್ತರ ಬರೆದೆ: ನಿಮ್ಮ ಮೊಬೈಲ್‌ನಲ್ಲಿ ದೋಷವಿಲ್ಲ, ದೋಷ ನಮ್ಮ ಪುಟದಲ್ಲಿತ್ತು, ಸರಿಪಡಿಸಿದ್ದೇವೆ, ಹೇಳಿದ್ದಕ್ಕೆ ಧನ್ಯವಾದ. ಮರುದಿನ ಅವರಿಂದ ಬಂದದ್ದು ಒಂದು ಪ್ರಶ್ನೆ. ಒಂದು ಮೀಟರ್ ಉದ್ದದ ಲೋಲಕದ ಗುಂಡಿನ ತೂಕವನ್ನು ಇಮ್ಮಡಿ ಮಾಡಿದರೂ ಹೋಗಿ ಬರುವ ಒಂದು ತೂಗಿಗೆ ಎರಡು ಸೆಕೆಂಡೇ ಬರುತ್ತಿದೆಯಲ್ಲ, ಏಕೆ?

ಪಟ್ಟಿಯಲ್ಲಿ ಒಂದು ಸಾಲು ಇನ್ನೂ ಕೆಂಪಾಗಿದೆ. ಎಂಟನೆಯ ಘಟಕದ ಧ್ವನಿ ಕಡತ. ಅದರ ಸರ್ವರ್‌ನ ಪ್ರಮಾಣಪತ್ರದ ಅವಧಿ ಮುಗಿದಿದೆ. ವಿಳಾಸವನ್ನು ನೇರವಾಗಿ ತೆರೆದರೆ ಬ್ರೌಸರ್ ಎಚ್ಚರಿಸುತ್ತದೆ, ಪುಟದೊಳಗಿಂದ ಕರೆದರೆ ಸದ್ದಿಲ್ಲದೆ ಸೋಲುತ್ತದೆ. ನಡೆಸುವವರಿಗೆ ಎರಡು ಬಾರಿ ಬರೆದಿದ್ದೇನೆ, ಉತ್ತರ ಬಂದಿಲ್ಲ. ಸದ್ಯಕ್ಕೆ ಆ ಜಾಗದಲ್ಲಿ ಹೀಗೆ ಬರೆದಿಟ್ಟಿದ್ದೇನೆ: "ಇಲ್ಲಿ 256 ಹರ್ಟ್ಸ್ ಶ್ರುತಿಕವೆಯ ಧ್ವನಿ ಇರಬೇಕಿತ್ತು. ಅದು ಬರುವ ಸರ್ವರ್‌ನಲ್ಲಿ ದೋಷವಿದೆ. ನಿಮ್ಮ ಸಾಧನ ಸರಿಯಾಗಿದೆ."